ಅಜ್ಜಿ ಮನೆಯಲ್ಲಿ ಗ್ರ್ಯಾನಿ

ಆಟಿ ತಿಂಗಳ ಹದಿನೆಂಟು ಕಳೆದ ವರ್ಷ ಭಾನುವಾರ ಬಿದ್ದಿತ್ತು. ಅಮ್ಮನಿಗೆ ಅಷ್ಟು ಸಾಕಾಯಿತು. ವಾರ ಮೊದಲೇ ಎಲ್ಲರಿಗೂ ಫೋನ್ ಮಾಡಿ, ಮಕ್ಕಳು ಮೊಮ್ಮಕ್ಕಳು ಯಾರೂ ತಪ್ಪಿಸುವ ಹಾಗಿಲ್ಲ ಎಂದು ಅಪ್ಪಣೆ ಕೊಟ್ಟಳು. ಕೊಡವರು ಕಕ್ಕಡ ಹದಿನೆಂಟು ಅನ್ನುತ್ತಾರೆ, ಅರೆಭಾಷೆಯ ನಮಗೆ ಅದು ಆಟಿ. ದಿನ ಒಂದೇ, ಆಗಸ್ಟ್ 3. ಮದ್ದುಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಮಾಡುವ ಪಾಯಸವೂ ಒಂದೇ. ಹದಿನೆಂಟು ಬಗೆಯ ಔಷಧಿ ಆ ದಿನ ಆ ಸೊಪ್ಪಿಗೆ ಇಳಿದಿರುತ್ತದೆ ಎಂಬುದು ನಂಬಿಕೆ.

ಕೊಡಗಿನ ಮಾದಾಪುರದ ಹತ್ತಿರದ ನಮ್ಮ ಮನೆ ಹಳೆಯದು. ಮರದ ಅಟ್ಟ, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ಹಲಗೆ, ಮುಂದೆ ಕಾಫಿ ಕಣ, ಹಿಂದೆ ಬರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಕಡಿದಾದ ಮಣ್ಣು. ಕರೆಂಟ್ ಶುಕ್ರವಾರವೇ ಹೋಗಿತ್ತು. ಇನ್ವರ್ಟರ್ ಕೊನೆಯುಸಿರು ಎಳೆಯುತ್ತಿತ್ತು. ಅಣ್ಣ ಜೀಪಿನಲ್ಲಿ ಫೋನ್‌ಗಳನ್ನು ಸರದಿ ಮೇಲೆ ಚಾರ್ಜ್ ಮಾಡಿಕೊಡುತ್ತಿದ್ದ. ಕಡುಬು, ಕೋಳಿ ಸಾರು, ಪಾಯಸ ಎಲ್ಲ ಆಗಿ ದೊಡ್ಡವರು ಕಣ್ಣು ಮುಚ್ಚುವ ಹೊತ್ತಿಗೆ ಅಟ್ಟದಿಂದ ಒಂದು ಕಿರುಚಾಟ ಬಂತು. ಮಳೆಗಾಲದಲ್ಲಿ ಅಟ್ಟದ ಮೇಲೆ ಕಿರುಚಿದರೆ ಹಾವು ಎಂದೇ ಅರ್ಥ. ಅಣ್ಣ ಕೋಲು ಹಿಡಿದುಕೊಂಡು ಓಡಿದ, ಹಿಂದೆ ನಾನು.

ಹಾವು ಇರಲಿಲ್ಲ. ನಾಲ್ವರು ಮಕ್ಕಳು ಒಂದೇ ಕಂಬಳಿಯೊಳಗೆ ತಲೆ ತೂರಿಸಿ ಕೂತಿದ್ದರು. ನಡುವೆ ಅಣ್ಣನ ಮಗನ ಕೈಯಲ್ಲಿ ಫೋನ್. ಅವನಿಗೆ ಹದಿಮೂರು, ಎಂಟನೇ ಕ್ಲಾಸು. ಅಕ್ಕನ ಮಗನಿಗೂ ಹದಿಮೂರೇ, ತಿಂಗಳ ಲೆಕ್ಕದಲ್ಲಿ ಚಿಕ್ಕವನು. ನನ್ನ ಮಗಳಿಗೆ ಹದಿನೈದು. ಎಲ್ಲರಿಗಿಂತ ಸಣ್ಣವಳು ಅಣ್ಣನ ಮಗಳು, ಎಂಟು ವರ್ಷ. ಕಿರುಚಿದವಳು ಅವಳೇ.

ಆಟದ ಹೆಸರು ಗ್ರ್ಯಾನಿ. 2017ರಲ್ಲಿ ಬಂದದ್ದು, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಆಡುವವನು ಒಂದು ಪಾಳು ಮನೆಯಲ್ಲಿ ಎಚ್ಚರವಾಗುತ್ತಾನೆ. ಬಾಗಿಲಿಗೆ ಬೀಗ. ಐದು ದಿನದೊಳಗೆ ಕೀಲಿ, ಇಕ್ಕಳ, ಸುತ್ತಿಗೆ ಏನೇನೋ ಹುಡುಕಿ ಹೊರಬೀಳಬೇಕು. ಮನೆಯೊಳಗೆ ಒಬ್ಬ ಅಜ್ಜಿ ಬ್ಯಾಟು ಹಿಡಿದು ಓಡಾಡುತ್ತಿರುತ್ತಾಳೆ. ಅವಳ ಕಿವಿ ಬಹಳ ಚುರುಕು. ಕೈಯಿಂದ ಏನಾದರೂ ಬಿತ್ತೋ, ಬಂದೇ ಬಿಡುತ್ತಾಳೆ. ಆಗ ಮಂಚದ ಕೆಳಗೆ ನುಸುಳಬೇಕು, ಇಲ್ಲವೇ ಬೀರುವಿನೊಳಗೆ ಸೇರಬೇಕು.

ಅಷ್ಟರಲ್ಲಿ ನಮ್ಮ ಅಮ್ಮನೂ ಏಣಿ ಹತ್ತಿ ಬಂದಾಗಿತ್ತು. ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು.

“ಯಾಕೆ ಹೊಡೀತಾಳೆ ಆ ಮುದುಕಿ? ನೀವು ಅವಳ ಮನೇಲಿ ಏನು ಕದ್ರಿ?”

“ಏನೂ ಕದ್ದಿಲ್ಲ ಅಜ್ಜಿ. ಅವಳೇ ನಮ್ಮನ್ನ ಕೂಡಿಹಾಕಿದ್ದು.”

“ಊಟ ಹಾಕ್ತಾಳಾ?”

“ಇಲ್ಲ.”

“ಹಾಗಾದ್ರೆ ಅವಳು ಅಜ್ಜಿಯೇ ಅಲ್ಲ,” ಎಂದು ತೀರ್ಪು ಕೊಟ್ಟು ಇಳಿದು ಹೋದಳು.

ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ಕೆಳಗೆ ಬಂದವನೇ ನನ್ನನ್ನು ಹಿಡಿದುಕೊಂಡ. “ಹದಿಮೂರು ವರ್ಷದ ಹುಡುಗರು ಇದನ್ನೆಲ್ಲ ಆಡಬಹುದಾ? ನೀನೇ ಹೇಳು. ಇಂಥದ್ದೆಲ್ಲ ಆಡಿದವಳು ಈ ಮನೇಲಿ ನೀನೊಬ್ಬಳೇ.”

ಅದು ನಿಜ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳ ಕಂಪ್ಯೂಟರಿನಲ್ಲಿ ಸೈಲೆಂಟ್ ಹಿಲ್ ಎಂಬ ಭಯದ ಗೇಮಿನ ಎರಡನೇ ಭಾಗ ಆಡಿದ್ದೆವು. ಒಬ್ಬಳು ಕೀಬೋರ್ಡ್ ಹಿಡಿಯುವುದು, ಉಳಿದವರು ದಿಂಬು ಹಿಡಿಯುವುದು. ಊರೆಲ್ಲ ಮಂಜು ಮುಸುಕಿರುತ್ತದೆ. ಹತ್ತಿರ ಏನಾದರೂ ಬಂದರೆ ಕಿಸೆಯ ರೇಡಿಯೊ ಕರಕರ ಎನ್ನುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಆ ಮಂಜಿನ ಕಥೆ ಆಮೇಲೆ ಗೊತ್ತಾಯಿತು. 1999ರ ಮೊದಲ ಭಾಗ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರದ್ದು. ದೂರದ ಮನೆ, ಮರ, ರಸ್ತೆ ಎಲ್ಲವನ್ನೂ ಒಟ್ಟಿಗೆ ಬರೆದು ತೋರಿಸುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಆ ಕೊರತೆ ಮುಚ್ಚಲು ಮಂಜು ಹಾಕಿದರು, ಅದೇ ಆಟದ ಜೀವವಾಯಿತು. ಬೆಂಗಳೂರಿನ ಹುಡುಗಿಯರು ಆ ಮಂಜಿಗೇ ನಡುಗುತ್ತಿದ್ದರು. ನನಗೆ ಮಂಜು ಕಂಡರೆ ಊರು ನೆನಪಾಗಿ ಹಸಿವಾಗುತ್ತಿತ್ತು. ಹೆದರಿಸಿದ್ದು ರೇಡಿಯೊ. ಆನೆ ಬಂದಾಗಲೂ ಹಾಗೆಯೇ ಅಲ್ಲವೇ, ಮೊದಲು ಕೇಳುವುದು ತೋಟದ ಅಂಚಿನಲ್ಲಿ ಕೊಂಬೆ ಮುರಿದ ಸದ್ದು.

ಯಾರ ಮನಸ್ಸು ಯಾವುದಕ್ಕೆ ಬೆಚ್ಚುತ್ತದೆ ಎಂಬುದು ಅವರವರು ಬೆಳೆದ ಮನೆಯನ್ನು ನೋಡಿಕೊಂಡಿರುತ್ತದೆ ಅಂತ ನನಗೆ ಆಗಲೇ ಅನ್ನಿಸಿತ್ತು. ಅಣ್ಣನಿಗೆ ಆ ಮಧ್ಯಾಹ್ನ ಬೇಕಿದ್ದದ್ದು ಅದಲ್ಲ. ಅವನಿಗೆ ಒಂದು ಅಂಕಿ ಬೇಕಿತ್ತು.

ಅಂಕಿ ಇದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಗೇಮಿನ ಹೆಸರಿನ ಹತ್ತಿರ 3+, 7+, 12+, 16+, 18+ ಎಂದು ಒಂದು ವಯಸ್ಸು ಬರೆದಿರುತ್ತದೆ. ಬಹಳ ಜನ ಅಂದುಕೊಂಡಿರುವಂತೆ ಯಾರೋ ಕೂತು ಆಡಿ ನೋಡಿ ಹಾಕಿದ್ದಲ್ಲ ಅದು. ಗೇಮ್ ಮಾಡಿದವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ. ರಕ್ತ ಇದೆಯೇ, ಬೈಗುಳ ಇದೆಯೇ, ಜೂಜು ಇದೆಯೇ, ಹೆದರಿಸುವ ದೃಶ್ಯ ಇದೆಯೇ. ಕೊಟ್ಟ ಉತ್ತರದ ಮೇಲೆ ಅಂಕಿ ತಾನಾಗಿ ಬರುತ್ತದೆ. ಗೇಮುಗಳಿಗೆ ವಯಸ್ಸಿನ ಗುರುತು ಕೊಡಲು ಅಮೆರಿಕದಲ್ಲಿ 1994ರಿಂದ ಇಎಸ್‌ಆರ್‌ಬಿ ಎಂಬ ಮಂಡಳಿ ಇದೆ, ಯುರೋಪಿನಲ್ಲಿ 2003ರಿಂದ ಪೆಗಿ. ನಮ್ಮಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ಅದು 2024ರಿಂದ ಯು/ಎ ಗುರುತನ್ನು 7+, 13+, 16+ ಎಂದು ಒಡೆದೂ ಆಗಿದೆ. ಗೇಮಿಗೆ ಅಂಥ ಮಂಡಳಿ ಇಲ್ಲ. ಇದಿಷ್ಟನ್ನು ಹೇಳಿದೆ. ಅಣ್ಣ, “ಹಾಗಾದ್ರೆ ಆ ನಂಬರ್ ನೋಡಿ ಕೊಟ್ಟರೆ ಆಯ್ತಲ್ಲ,” ಎಂದ.

ಆಯಿತು, ಅರ್ಧ. ಅಂಕಿ ಹೇಳುವುದು ಗೇಮಿನ ಬಗ್ಗೆ. ಹೆಗಲ ಮೇಲಿಂದ ಇಣುಕಿ ನೋಡುವ ಎಂಟು ವರ್ಷದವಳನ್ನು ಅದು ಲೆಕ್ಕಕ್ಕೆ ಹಿಡಿದಿಲ್ಲ. ಸಣ್ಣವಳ ಹತ್ತಿರ ಉದ್ದ ಕೈಯ ನೀಲಿ ಗೊಂಬೆಯೊಂದಿದೆ, ಕುಶಾಲನಗರದ ಅಂಗಡಿಯಲ್ಲಿ ಅತ್ತಿಗೆಯೇ ಕೊಡಿಸಿದ್ದು. ಅದು 2021ರ ಪಾಪಿ ಪ್ಲೇಟೈಮ್ ಎಂಬ ಭಯದ ಗೇಮಿನ ಹಗ್ಗಿ ವಗ್ಗಿ ಎಂಬ ರಾಕ್ಷಸ. ಅಗಲ ಬಾಯಿ, ಸಾಲು ಹಲ್ಲು. ಗೇಮ್ ಏನೆಂದೇ ಗೊತ್ತಿಲ್ಲದೆ ಮಗು ಅದನ್ನು ತಬ್ಬಿಕೊಂಡು ಮಲಗುತ್ತದೆ. ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡಿಯೇ ಪೂರ್ತಿ ಕಥೆ ಬಾಯಿಪಾಠ ಮಾಡಿಕೊಂಡ ಮಕ್ಕಳಿಗಂತೂ ಪ್ಲೇ ಸ್ಟೋರಿನ ವಯಸ್ಸು ತಾಗುವುದೇ ಇಲ್ಲ.

“ಬಂದೂಕು ಹಿಡಿದು ಕಂಡಕಂಡವರನ್ನ ಸುಡುವ ಗೇಮಿಗಿಂತ ಇದು ವಾಸಿ,” ಎಂದರು ಭಾವ, ಮಲಗಿದಲ್ಲಿಂದಲೇ. ಅತ್ತಿಗೆಯದು ಇನ್ನೂ ಸರಳ. “ರಾತ್ರಿ ಹೆದರಿಕೆ ಅಂತ ಯಾರೂ ನನ್ನ ಹತ್ತಿರ ಬರಬಾರದು, ಅಷ್ಟೇ.”

ಮೇಲೆ ಆಟ ಬದಲಾಗಿತ್ತು. ಫೋನ್ ಬಿಟ್ಟು ಮಕ್ಕಳು ಮನೆಯನ್ನೇ ಗ್ರ್ಯಾನಿಯ ಮನೆ ಮಾಡಿಕೊಂಡಿದ್ದರು. ಒಬ್ಬ ಸ್ಟೀಲ್ ಲೋಟ ಬೀಳಿಸುವುದು, ಉಳಿದವರು ಕಾಫಿ ಮೂಟೆಗಳ ಹಿಂದೆ ಅಡಗುವುದು. ಅಮ್ಮನಿಗೆ ಗ್ರ್ಯಾನಿಯ ಪಾತ್ರ. ಆಡುತ್ತಿದ್ದಾರೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಪೊರಕೆ ಹಿಡಿದು, “ಯಾರದು ಲೋಟ ಬಿಸಾಡಿದ್ದು?” ಎಂದು ಏಣಿಯ ಬುಡಕ್ಕೆ ಬಂದು ನಿಲ್ಲುತ್ತಿದ್ದಳು. ಮೇಲೆ ಹಲಗೆ ಕಿರುಗುಟ್ಟುವ ಸದ್ದು, ಬಾಯಿ ಮುಚ್ಚಿಕೊಂಡ ನಗು. ಸಣ್ಣವಳಂತೂ ಬೇಕೆಂದೇ ಸಿಕ್ಕಿಬೀಳುತ್ತಿದ್ದಳು. ನಾವು ಚಿಕ್ಕವರಿದ್ದಾಗ ಸಂಜೆ ಹೊತ್ತು ತೋಟದ ಅಂಚಿನ ಗುಳಿಗ ದೈವದ ಕಲ್ಲಿನವರೆಗೆ ಓಡಿ, ಮುಟ್ಟದೆ, ತಿರುಗಿ ನೋಡದೆ ವಾಪಸ್ ಬರುವ ಪಂದ್ಯ ಕಟ್ಟುತ್ತಿದ್ದೆವು. ಒಬ್ಬರೇ ಹೋಗಬಾರದು ಎಂಬುದು ನಾವೇ ಮಾಡಿಕೊಂಡ ಕಾನೂನು. ಭಯ ಬೇಕಿತ್ತು, ಪಕ್ಕದಲ್ಲಿ ಇನ್ನೊಬ್ಬರೂ ಬೇಕಿತ್ತು.

ಸಂಜೆ ಕಾಫಿಗೆ ಕೂತಾಗ ಮಗಳು ಬೇರೆ ಗೇಮುಗಳ ಪುರಾಣ ಬಿಚ್ಚಿದಳು. ಹಲವು ಗೇಮುಗಳಿರುವ ರೋಬ್ಲಾಕ್ಸ್ ಎಂಬ ಆ್ಯಪಿನಲ್ಲಿ 2022ರಲ್ಲಿ ಬಂದ ಡೋರ್ಸ್ ಅಂತ ಒಂದಿದೆಯಂತೆ. ನಂಬರ್ ಹಾಕಿದ ಕೋಣೆಗಳ ಒಂದು ಹೋಟೆಲ್, ಲೈಟು ಮಿಣುಕಿತೆಂದರೆ ಏನೋ ಬರುತ್ತಿದೆ ಎಂದು ಅರ್ಥ, ಕೂಡಲೇ ಬೀರುವಿನೊಳಗೆ ಹೋಗಬೇಕು. “ನಮ್ಮೂರಲ್ಲಾದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬೀರುವಿನಲ್ಲೇ ಇರಬೇಕು,” ಎಂದರು ಭಾವ. ಆಮೇಲೆ ಫ್ರೆಡ್ಡೀಸ್. ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್, 2014ರದ್ದು, ಸ್ಕಾಟ್ ಕಾಥನ್ ಎಂಬವರು ಮಾಡಿದ್ದು. ಪಿಜ್ಜಾ ಅಂಗಡಿಗೆ ರಾತ್ರಿ ಕಾವಲುಗಾರನಾಗಿ ಸೇರುತ್ತೀರಿ. ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಕ್ಯಾಮೆರಾ ನೋಡುತ್ತ ಕೂರಬೇಕು. ಮಕ್ಕಳನ್ನು ರಂಜಿಸಲು ಇಟ್ಟ ಕರಡಿ, ಮೊಲದ ಯಂತ್ರಗೊಂಬೆಗಳು ರಾತ್ರಿ ಎದ್ದು ಬರುತ್ತವೆ. ಬಾಗಿಲು ಹಾಕಿ ತಡೆಯಬಹುದು, ಆದರೆ ಬಾಗಿಲು ಹಾಕಿದಷ್ಟೂ, ಲೈಟು ಒತ್ತಿದಷ್ಟೂ ಕರೆಂಟ್ ಕರಗುತ್ತದೆ. ಇರುವುದು ಲೆಕ್ಕದ ಕರೆಂಟ್. ಸೊನ್ನೆಗೆ ಬಂದರೆ ಕಥೆ ಮುಗಿಯಿತು.

ಅಮ್ಮ ಗಮನವಿಟ್ಟು ಕೇಳಿದಳು. “ಅಲ್ಲಿ ಕರೆಂಟ್ ಹೋದ್ರೆ ಕರಡಿಯಾದ್ರೂ ಬರುತ್ತೆ. ಇಲ್ಲಿ ಲೈನ್‌ಮ್ಯಾನ್ ಕೂಡ ಬರಲ್ಲ.”

ಈ ಫ್ರೆಡ್ಡೀಸ್‌ಗೆ ಅಮೆರಿಕದವರು ಕೊಟ್ಟದ್ದು ಟೀನ್ ಗುರುತು, ಅಂದರೆ ಹದಿಮೂರು ತುಂಬಿದವರಿಗೆ. ರಕ್ತದ ಕೋಡಿ ಇಲ್ಲ, ಆಡುವವನು ಯಾರನ್ನೂ ಕೊಲ್ಲುವುದಿಲ್ಲ, ಕೂತಲ್ಲೇ ಕೂತು ಕಾಯುವುದು. ಕಾಗದದ ಮೇಲೆ ನಮ್ಮ ಇಬ್ಬರು ಹುಡುಗರಿಗೂ ಸಲ್ಲುವ ಗೇಮ್.

ರಾತ್ರಿ ಊಟವಾದ ಮೇಲೆ ಮಕ್ಕಳಿಗೆ ಜಗಲಿಯಲ್ಲಿ ಸಾಲಾಗಿ ಚಾಪೆ ಹಾಸಿದೆವು. ಸಣ್ಣವಳು ಹಗಲಿನ ಧೈರ್ಯವನ್ನೆಲ್ಲ ಹಗಲಲ್ಲೇ ಖರ್ಚು ಮಾಡಿದ್ದಳು. ಮಂಚದ ಕೆಳಗೆ ಯಾರಿದ್ದಾರೆ ನೋಡಿ ಅಂತ ಹಟ, ಬಚ್ಚಲಿಗೆ ಒಬ್ಬಳೇ ಹೋಗಲಾರೆ ಅಂತ ಅಳು. ತನ್ನ ಹತ್ತಿರ ಯಾರೂ ಬರಬಾರದು ಎಂದಿದ್ದ ಅತ್ತಿಗೆಯೇ ಕೊನೆಗೆ ಅವಳ ಚಾಪೆಗೆ ಹೋಗಿ ಮಲಗಿದಳು. ಹುಡುಗರಿಬ್ಬರು ಮೂಲೆಯಲ್ಲಿ ಒಂದು ಇಯರ್‌ಫೋನಿನ ಎರಡು ಎಳೆ ಹಂಚಿಕೊಂಡು ಫ್ರೆಡ್ಡೀಸ್ ಶುರು ಮಾಡಿದ್ದರು. ಸ್ವಲ್ಪ ಹೊತ್ತಿಗೆ ಅಣ್ಣನ ಮಗ, “ಚಾರ್ಜ್ ಮುಗೀತು, ಸಾಕು,” ಎಂದು ಹೇಳಿದ್ದು ಕೇಳಿಸಿತು. ಆ ಕಡೆ ಹಾದು ಹೋಗುವಾಗ ಅವನ ಫೋನಿನ ಮೇಲೆ ಕಣ್ಣು ಬಿತ್ತು. ಅರ್ಧಕ್ಕೆ ಹತ್ತಿರ ಚಾರ್ಜ್ ಇತ್ತು. ನಾನೇನೂ ಹೇಳಲಿಲ್ಲ. ಹದಿಮೂರರ ಹುಡುಗನಿಗೆ ದೆವ್ವವನ್ನು ಎದುರಿಸುವುದು ಸುಲಭ, ಒಡನೆ ಇರುವವರ ಮುಂದೆ ‘ನನಗೆ ಸಾಕು’ ಅನ್ನುವುದು ಕಷ್ಟ. ಆ ವಯಸ್ಸಿನವರಿಗೆ ಭಯದ ಗೇಮ್ ಕೊಡುವವರು ಮೊದಲು ಯೋಚಿಸಬೇಕಾದ್ದು ಇದನ್ನು. ನಿಲ್ಲಿಸಲು ಅವರಿಗೊಂದು ಮರ್ಯಾದೆಯ ದಾರಿ ಇದೆಯೇ?

ನಾನು ಅಡುಗೆ ಮನೆಯಲ್ಲಿ ಒಲೆಯ ಬೆಂಕಿ ಸರಿ ಮಾಡುತ್ತಿದ್ದೆ. ಮಳೆ ಜೋರಾಗಿತ್ತು. ಅಕ್ಕನ ಮಗ ಬಂದು ಬಾಗಿಲಲ್ಲಿ ನಿಂತ.

“ಚಿಕ್ಕಮ್ಮ, ಹಿಂದಿನ ಬರೆ ಗಟ್ಟಿ ಇದೆಯಾ?”

ಹಗಲೆಲ್ಲ ಗ್ರ್ಯಾನಿಯ ಮುಂದೆ ಎಲ್ಲರಿಗಿಂತ ತಣ್ಣಗೆ ಆಡಿದವನು ಇವನೇ. ಅಜ್ಜಿ ಬ್ಯಾಟು ಎತ್ತಿದಾಗ ಇವನು ನಗುತ್ತಿದ್ದ. ಈಗ ಮುಖ ಬೇರೆಯಾಗಿತ್ತು. ಕೂರಿಸಿ ಕೇಳಿದೆ. ಗೊಂಬೆ ಕರಡಿ ಮುಖಕ್ಕೆ ಹಾರಿದ್ದೇನೂ ದೊಡ್ಡದಲ್ಲವಂತೆ. “ಅದಕ್ಕಿಂತ ಮೊದಲು ಕರೆಂಟ್ ಸೊನ್ನೆ ಆಗುತ್ತೆ. ಫ್ಯಾನ್ ನಿಂತುಹೋಗುತ್ತೆ. ಏನೂ ಶಬ್ದ ಇರಲ್ಲ, ಕತ್ತಲೆ. ಸುಮ್ಮನೆ ಕಾಯಬೇಕು.”

2018ರ ಆಗಸ್ಟ್‌ನಲ್ಲಿ ಅವನು ಒಂದನೇ ಕ್ಲಾಸು. ಅಕ್ಕನ ಮನೆ ಆಗ ಮಕ್ಕಂದೂರಿನ ಕಡೆ ಇತ್ತು. ಕರೆಂಟ್ ಇಲ್ಲ, ಫೋನಿಲ್ಲ, ಎಡೆಬಿಡದ ಮಳೆ. ಒಂದು ರಾತ್ರಿ ಗುಡ್ಡದ ಕಡೆಯಿಂದ ಸದ್ದು ಬಂತು, ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಬೆಳಗಾಗುವಾಗ ತೋಟ ಇದ್ದ ಜಾಗದಲ್ಲಿ ಕೆಂಪು ಮಣ್ಣು. ಮಡಿಕೇರಿಯ ಪರಿಹಾರ ಕೇಂದ್ರ, ಬಾಡಿಗೆ ಮನೆ, ಕೊನೆಗೆ ಜಂಬೂರಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೆ. ಆಮೇಲಿನ ಮಳೆಗಾಲದಲ್ಲೂ ಮಳೆ ಹೆಚ್ಚಾದ ರಾತ್ರಿ ಈ ಹುಡುಗ ಶೂ ಹಾಕಿಕೊಂಡೇ ಮಲಗುತ್ತಿದ್ದ ಎಂದು ಅಕ್ಕ ಹೇಳಿದ್ದು ನೆನಪಿದೆ. ಕಾಲು ತೊಳೆದು ಹಾಸಿಗೆಗೆ ಬಂದು, ಮತ್ತೆ ಶೂ.

ಈ ಹುಡುಗನಿಗೆ ಗ್ರ್ಯಾನಿ ಒಂದು ತಮಾಷೆ. ಫ್ಯಾನ್ ನಿಲ್ಲುವ ಸದ್ದು ತಮಾಷೆಯಲ್ಲ. ಪ್ರಶ್ನಾವಳಿಯಲ್ಲಿ ಇಂಥ ಪ್ರಶ್ನೆ ಇರುವುದು ಸಾಧ್ಯವೂ ಇಲ್ಲ. ಎಷ್ಟೋ ದೂರದ ದೇಶದಲ್ಲಿ ಕೂತು ಗೇಮ್ ಬರೆದವನಿಗೆ ಕತ್ತಲು ಮತ್ತು ನಿಶ್ಶಬ್ದ ಒಂದು ಉಪಾಯ, ಅಷ್ಟೇ. ಒಂದೇ ಇಯರ್‌ಫೋನು, ಒಂದೇ ಗೇಮು, ಒಂದೇ ವಯಸ್ಸು. ಒಬ್ಬನು ಚಾರ್ಜ್ ನೆಪ ಹೇಳಿ ಮಲಗಿದ, ಇನ್ನೊಬ್ಬನು ಎದ್ದು ಬಂದು ಬರೆಯ ಬಗ್ಗೆ ಕೇಳಿದ.

‘ಏನೂ ಆಗಲ್ಲ, ಹೋಗಿ ಮಲಗು’ ಅಂದಿದ್ದರೆ ಅವನು ಮಲಗುತ್ತಿರಲಿಲ್ಲ. ಅಣ್ಣನನ್ನು ಎಬ್ಬಿಸಿದೆ. ಅಣ್ಣನಿಗೆ ಬೈಯುವ ಚಪಲ ಎಷ್ಟಿದ್ದರೂ ಇಂಥ ಹೊತ್ತಿನಲ್ಲಿ ಅವನು ಚಿನ್ನ. ಟಾರ್ಚ್, ಕೊಡೆ ಹಿಡಿದು ಹುಡುಗನನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ಬರೆಯ ಬುಡಕ್ಕೆ ಕಟ್ಟಿದ ಕಲ್ಲಿನ ಗೋಡೆ ತೋರಿಸಿದ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿದ ಚರಂಡಿ ತೋರಿಸಿದ. ನೀರಿಗೆ ಟಾರ್ಚ್ ಹಿಡಿದು, “ನೋಡು, ತಿಳಿ ಇದೆ. ತಿಳಿ ನೀರು ಇದ್ದಕ್ಕಿದ್ದಂತೆ ಕೆಸರಾದ್ರೆ, ನೆಲ ಬಿರುಕು ಬಿಟ್ರೆ, ನೆಟ್ಟಗಿದ್ದ ಮರ ವಾಲಿದ್ರೆ, ಆಗ ಯೋಚನೆ ಮಾಡಬೇಕಾಗಿಲ್ಲ, ಎದ್ದು ಹೊರಡಬೇಕು. ಸಂಜೆಯಿಂದ ಮೂರು ಸಲ ನೋಡಿದ್ದೇನೆ, ರಾತ್ರಿ ಇನ್ನೊಂದು ಸಲ ಏಳ್ತೇನೆ,” ಎಂದ. ಹುಡುಗ ಬಗ್ಗಿ ನೀರನ್ನು ತಾನೂ ಪರೀಕ್ಷೆ ಮಾಡಿದ. ಒಳಗೆ ಬಂದು ಕಾಲಿಗೆ ಹತ್ತಿದ ಜಿಗಣೆ ಕಿತ್ತು ಒಲೆಗೆ ಹಾಕಿ, ಬೆಚ್ಚಗೆ ಕೂತು ಒಂದು ಲೋಟ ಬೆಲ್ಲದ ಕಾಫಿ ಕುಡಿದ. ಹನ್ನೊಂದಕ್ಕೆ ಮಲಗಿದವನು ಬೆಳಿಗ್ಗೆ ಎಬ್ಬಿಸುವವರೆಗೂ ಏಳಲಿಲ್ಲ.

ಬೆಳಿಗ್ಗೆ ಮನೆಯನ್ನು ಎಬ್ಬಿಸಿದ್ದು ಸಣ್ಣವಳು. ಬಚ್ಚಲಿನಿಂದ “ಅಮ್ಮಾ, ರಕ್ತ!” ಎಂಬ ಕೂಗು. ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಪಾಯಸಕ್ಕೆ ಮೂಗು ಮುರಿದು ಎದ್ದು ಹೋದವಳು ಈ ಸಲ ಎರಡು ಬಟ್ಟಲು ಬಾರಿಸಿದ್ದಳು. ಅಮ್ಮ ನಕ್ಕು ನಕ್ಕು ಕೂತಳು, ಮದ್ದು ಮೈಗೆ ಹತ್ತಿದೆ ಎಂದಳು. ಗ್ರ್ಯಾನಿ ಹುಟ್ಟಿಸಿದ್ದಕ್ಕಿಂತ ಹತ್ತು ಪಾಲು ಗಾಬರಿ ಅದು. ಕಾರಣ ತಿಳಿದ ಅರ್ಧ ಗಂಟೆಗೆ ಅಣ್ಣಂದಿರನ್ನು ಹಿಡಿದು, “ನಿಮಗೆ ಎಷ್ಟು ಕೆಂಪು?” ಎಂದು ಸ್ಪರ್ಧೆಗೆ ಇಳಿದಿದ್ದಳು.

ತಿಂಡಿಗೆ ಕೂತಾಗ ಅಣ್ಣ ತನ್ನ ತೀರ್ಮಾನ ಹೇಳಿದ. ಎಲ್ಲ ಡಿಲೀಟ್. ನಾನು ಒಪ್ಪಲಿಲ್ಲ. ಡಿಲೀಟ್ ಮಾಡಿದ್ದು ಶಾಲೆಯ ಗೆಳೆಯನ ಫೋನಿನಲ್ಲಿ ಇರುತ್ತದೆ, ಅಲ್ಲಿ ಪೊರಕೆ ಹಿಡಿದು ಬರುವ ಅಜ್ಜಿಯೂ ಇರುವುದಿಲ್ಲ, ಟಾರ್ಚ್ ಹಿಡಿಯುವ ಮಾವನೂ ಇರುವುದಿಲ್ಲ. ಹದಿಮೂರರ ಹುಡುಗರು ಗ್ರ್ಯಾನಿಯಂಥದ್ದನ್ನು ಆಡಲಿ, ಹಗಲು ಹೊತ್ತಿನಲ್ಲಿ, ಸ್ಪೀಕರ್ ಹಾಕಿ, ನಾಲ್ಕು ಜನರ ನಡುವೆ. ಇಯರ್‌ಫೋನ್ ಹಾಕಿ ರಾತ್ರಿ ಒಬ್ಬನೇ ಬೇಡ. ಎದೆ ಹೊಡೆದುಕೊಳ್ಳುತ್ತಿರುವಾಗ ಮಲಗಿದರೆ ಯಾರಿಗೂ ನಿದ್ದೆ ಹತ್ತುವುದಿಲ್ಲ, ದೊಡ್ಡವರಿಗೂ. ಅಪರಿಚಿತರ ಜೊತೆ ಮಾತಾಡಿಕೊಂಡು ಆಡುವ ಆನ್‌ಲೈನ್ ಗೇಮುಗಳಲ್ಲಿ ನನಗೆ ಭೂತಕ್ಕಿಂತ ಆ ಅಪರಿಚಿತರ ಮೇಲೇ ಸಂಶಯ, ಅದನ್ನೂ ಹೇಳಿದೆ. ಸಣ್ಣವಳಿರುವಾಗ ಫೋನ್ ತೆಗೆಯುವುದೇ ಬೇಡ, ಅವಳು ಲೋಟ ಬೀಳಿಸುವ ಆಟ ಆಡಿಕೊಳ್ಳಲಿ. ಅಣ್ಣ ‘ನೋಡೋಣ’ ಎಂದ. ನಮ್ಮ ಮನೆಯಲ್ಲಿ ಅದಕ್ಕೆ ಅರ್ಧ ಒಪ್ಪಿಗೆ ಎಂದು ಅರ್ಥ.

ಅಕ್ಕನ ಮಗ ಯಾರನ್ನೂ ಕೇಳದೆ ತನ್ನ ತೀರ್ಪು ಕೊಟ್ಟುಕೊಂಡಿದ್ದ. “ಗ್ರ್ಯಾನಿ ಆಡ್ತೇನೆ. ಫ್ರೆಡ್ಡೀಸ್ ಮಳೆಗಾಲದಲ್ಲಿ ಬೇಡ. ಬೇಸಿಗೆಯಲ್ಲಿ ನೋಡ್ತೇನೆ.” ಇದಕ್ಕಿಂತ ಸರಿಯಾದ ವಯೋಮಿತಿಯನ್ನು ಯಾವ ಮಂಡಳಿಯೂ ಅವನಿಗೆ ಬರೆದುಕೊಡಲಾರದು. ಬೇಸಿಗೆ ರಜೆಯಲ್ಲಿ ಆಡಿದನಂತೆ, ಮೂರನೇ ರಾತ್ರಿ ದಾಟಲು ಆಗಲಿಲ್ಲವೆಂದು ಬೇಜಾರು ಮಾತ್ರ.

ಅಣ್ಣನ ಮಗನಿಗೆ ಈಗ ಹದಿನಾಲ್ಕು. ಗೆಳೆಯನ ಮನೆಗೆ ಪ್ಲೇಸ್ಟೇಷನ್ ಬಂದಿದೆ, ಇವನಿಗೆ ರೆಸಿಡೆಂಟ್ ಈವಿಲ್ ಏಳನೇ ಭಾಗ ಬೇಕು. 2017ರ ಆ ಗೇಮಿಗೆ ಪೆಗಿಯವರು ಕೊಟ್ಟದ್ದು 18. ಅಪ್ಪನನ್ನು ಕೇಳಿದರೆ ಆಗುವುದಿಲ್ಲ ಎಂದು ಗೊತ್ತಿದ್ದು ನನಗೆ ಫೋನ್ ಮಾಡಿದ್ದ. ನಾನು ಆಗುವುದಿಲ್ಲ ಎಂದೆ. ಅದರಲ್ಲಿ ಕೈಕಾಲು ಕತ್ತರಿಸುವುದನ್ನು ಕಣ್ಣಿಗೆ ಹತ್ತಿರ ಹಿಡಿದು ತೋರಿಸುತ್ತಾರೆ. ಅಡಗಿ ಕೂತು ಕಾಯುವ ಭಯ ಬೇರೆ, ಇದು ಬೇರೆ. ಈ ವಿಷಯದಲ್ಲಿ ನಾನು ಅಂಕಿಯ ಪಕ್ಷ.

“ಅತ್ತೆ, ನೀವೂ ಆಡಿದ್ರಲ್ಲ, ಹಾಸ್ಟೆಲಿನಲ್ಲಿ?”

“ಆಡಿದ್ದೆ. ಆಗ ನನಗೆ ಹದಿನೆಂಟು ಆಗಿತ್ತು.”

“ಬರೀ ಹದಿನೆಂಟಾ, ಹದಿನೆಂಟು ದಾಟಿತ್ತಾ?”

ವಕೀಲನಾಗುವ ಲಕ್ಷಣ ಇದೆ ಎಂದು ಅಣ್ಣನಿಗೆ ಹೇಳಿದೆ.